ಜೈರಾಮನ ಶಾಲುಗಳ ಕೌದಿ

ಸನ್ಮಾನದ ಶಾಲಿನಷ್ಟು ಕೆಲಸಕ್ಕೆ ಬಾರದ ವಸ್ತು ಈ ಭೂಮಿಯ ಮೇಲೆ ಇನ್ನೊಂದಿಲ್ಲ ಎಂಬುದು ಲಲಿತಾಬಾಯಿಯ ಖಚಿತ ಅಭಿಪ್ರಾಯವಾಗಿತ್ತು. ಹೊದ್ದರೆ ಚಳಿ ತಡೆಯುವುದಿಲ್ಲ, ಒರೆಸಿದರೆ ನೀರು ಹೀರುವುದಿಲ್ಲ, ಹೆಗಲ ಮೇಲೆ ಹಾಕಿಕೊಂಡರೆ ಜರಿ ಅಂಚು ಕುತ್ತಿಗೆಗೆ ಚುಚ್ಚುತ್ತದೆ. ಅಂಥವು ಅವಳ ಮನೆಯಲ್ಲಿ ಒಂದು ಟ್ರಂಕು ತುಂಬಾ ಇದ್ದವು. ಎಲ್ಲವೂ ಗಂಡ ಜೈರಾಮನಿಗೆ ಬಂದವು. ಎಲ್ಲವೂ ಒಂದೇ ಕಾರಣಕ್ಕೆ ಬಂದವು. ಆಯಾ ವರ್ಷ ಅವನು ಒಂದು ದಿನವೂ ರಜೆ ಹಾಕಿರಲಿಲ್ಲ.

ಜೈರಾಮ ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿದ್ದ ರಟ್ಟಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಅಲ್ಲೊಂದು ಪದ್ಧತಿ ಇತ್ತು. ಖಂಡೇನವಮಿಯ ದಿನ ಆಯುಧಪೂಜೆಗೆಂದು ಕಾರ್ಮಿಕರ ಮನೆಮಂದಿಯನ್ನೆಲ್ಲ ಒಳಗೆ ಬಿಡುತ್ತಿದ್ದರು. ವರ್ಷವಿಡೀ ರಜೆ ಹಾಕದವನು ದೊಡ್ಡ ಮಶೀನಿಗೆ ಚೆಂಡುಹೂವಿನ ಮಾಲೆ ಹಾಕಿ ಕುಂಬಳಕಾಯಿ ಒಡೆಯಬೇಕು, ಮ್ಯಾನೇಜರ್ ಸಾಹೇಬರು ಅವನಿಗೆ ಶಾಲು ಹೊದಿಸಬೇಕು, ಉಳಿದವರು ಚಪ್ಪಾಳೆ ಹೊಡೆಯಬೇಕು. ಮೊದಮೊದಲು ಒಂದು ವರ್ಷ ಒಬ್ಬ, ಮತ್ತೊಂದು ವರ್ಷ ಇನ್ನೊಬ್ಬ ಒಡೆಯುತ್ತಿದ್ದ. ಬರಬರುತ್ತ ಆ ಕುಂಬಳಕಾಯಿ ಜೈರಾಮನ ಸ್ವಂತ ಆಸ್ತಿಯಾಯಿತು.

ಸಂಬಳ ಸಮೇತದ ರಜೆ ಅವನಿಗೆ ಇರಲಿಲ್ಲವೆಂದಲ್ಲ. ಕಾಯ್ದೆಯ ಪ್ರಕಾರವೇ ಇತ್ತು. ದುಡಿದು ಗಳಿಸಿದ ರಜೆ ಅದು, ಯಾರೂ ದಾನ ಕೊಟ್ಟದ್ದಲ್ಲ. ಅದರಲ್ಲಿ ಒಂದಿಷ್ಟು ಮುಂದಿನ ವರ್ಷಕ್ಕೆ ಹೋಗುತ್ತಿತ್ತು, ಮಿಕ್ಕಿದ್ದು ಕಾಳಿ ಹೊಳೆಗೆ ಹೋಗುತ್ತಿತ್ತು. ಮಗಳು ರೀನಾ ಹಡೆದಾಗ ಜೈರಾಮ ಹೋಗಲಿಲ್ಲ. ಮೊಮ್ಮಗಳನ್ನು ಅವನು ನೋಡಿದ್ದು ಅವಳೇ ನಡೆದುಕೊಂಡು ಅವನ ಮನೆಯ ಹೊಸಿಲು ದಾಟಿ ಬಂದಾಗ. ಅಪ್ಪ ತೀರಿಕೊಂಡ ದಿನವಂತೂ ಹಳಿಯಾಳದ ಕಡೆಯ ತನ್ನ ಹಳ್ಳಿಯಲ್ಲಿ ಮಣ್ಣು ಮುಗಿಸಿ, ತಲೆಗೆ ಸುರಿದುಕೊಂಡ ನೀರು ಆರುವ ಮೊದಲೇ ಎರಡನೇ ಪಾಳಿಗೆ ಹಾಜರಾಗಿದ್ದ. ಅವನ ತಾಯಿ ಅಳುವುದನ್ನು ನಿಲ್ಲಿಸಿ ಮಗನ ಬೆನ್ನನ್ನೇ ನೋಡುತ್ತ ಕುಳಿತಿದ್ದಳು. ಅದನ್ನು ಲಲಿತಾಬಾಯಿ ಇವತ್ತಿಗೂ ಮರೆತಿಲ್ಲ.

"ನಾ ಇಲ್ಲಂದ್ರ ಆ ಮಶೀನ್ ನಿಂದರತೈತಿ" ಎನ್ನುವುದು ಅವನ ಒಂದೇ ಉತ್ತರ.

ಲಲಿತಾಬಾಯಿಯ ತವರು ಮುಂಡಗೋಡ ತಾಲೂಕಿನ ಮಳಗಿ. ಅಲ್ಲಿಗೆ ಅವಳು ಯಾವಾಗಲೂ ಒಬ್ಬಳೇ ಬಸ್ಸು ಹತ್ತಿ ಹೋಗುತ್ತಿದ್ದಳು. "ದಾಜಿ ಎಲ್ಲಿ? ಮಶೀನಿನ ಕೂಡ ಎರಡನೇ ಲಗ್ನ ಆದ್ರೇನು?" ಎಂದು ಅಣ್ಣ ತುಳಸಿರಾಮ ಭಾವನ ಹೆಸರೆತ್ತಿ ಕೆಣಕುತ್ತಿದ್ದ. ಅವಳು ನಕ್ಕುಬಿಡುತ್ತಿದ್ದಳು. ಒಳಗೊಳಗೇ ಮೈ ಉರಿಯುತ್ತಿತ್ತು.

ಆ ಉರಿಯನ್ನೇ ಕೆಲಸಕ್ಕೆ ಹಚ್ಚಿದಂತೆ ಅವಳು ಈ ವರ್ಷ ಮಳೆಗಾಲದಲ್ಲಿ ಟ್ರಂಕು ತೆರೆದು ಶಾಲುಗಳನ್ನೆಲ್ಲ ಹೊರಗೆ ಎಳೆದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಒಳಗಿಟ್ಟು, ಶಾಲುಗಳನ್ನು ಕತ್ತರಿಸಿ ಮೇಲೆ ಜೋಡಿಸಿ ಕೌದಿ ಹೊಲಿಯತೊಡಗಿದಳು. ಒಂದೊಂದಾಗಿ ಯಾವ ಕೆಲಸಕ್ಕೂ ಬಾರದವು ಒಟ್ಟಿಗೆ ಸೇರಿದರೆ ಒಬ್ಬರ ಚಳಿಯನ್ನಾದರೂ ತಡೆದಾವು. ಕೌದಿಯ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವು ಹೊಲಿಯದೆ ಅದು ಮುಗಿಯಿತು ಎನ್ನುವ ಹಾಗಿಲ್ಲ ಅವರ ಕಡೆ. ಹೂವಿಲ್ಲದ ಕೌದಿ ಬೋಳು, ಅದನ್ನು ಯಾರಿಗೂ ಹೊದಿಸಬಾರದು. ಅವಳು ಮೂರು ಮೂಲೆಗೆ ಹೂವು ಇಟ್ಟು ನಾಲ್ಕನೆಯದನ್ನು ಹಾಗೇ ಬಿಟ್ಟಿದ್ದಳು. ದಸರೆಗೆ ಹೇಗೂ ಇನ್ನೊಂದು ಶಾಲು ಬರುತ್ತದಲ್ಲ!

ಆ ದಿನಗಳಲ್ಲೇ ಪಕ್ಕದ ಮನೆಯ ಖೈರುನ್ನಿಸಾ ಅವಳೊಡನೆ ಮಾತು ಬಿಟ್ಟಳು.

ಖೈರುನ್ನಿಸಾಳ ಗಂಡ ಸುಭಾನಿ ಅದೇ ಕಾರ್ಖಾನೆಯಲ್ಲಿ ಜೈರಾಮನ ಜೊತೆಗಾರ ಫಿಟ್ಟರ್. ಎರಡೂ ಮನೆಗಳ ನಡುವೆ ಒಂದೇ ಗೋಡೆ. ಈದಿಗೆ ಅಲ್ಲಿಂದ ಸೇವಿಗೆ ಖೀರು, ಪಂಚಮಿಗೆ ಇಲ್ಲಿಂದ ಉಂಡಿ. ಅಂಥದ್ದರಲ್ಲಿ ಖೈರುನ್ನಿಸಾ ಬಾಗಿಲಲ್ಲಿ ಎದುರಾದರೂ ಸೆರಗು ಸರಿಮಾಡಿಕೊಂಡು ಒಳಗೆ ನಡೆದುಬಿಡುತ್ತಿದ್ದಳು. ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಹುಬ್ಬಳ್ಳಿಯ ಡಾಕ್ಟರು ತಡಮಾಡದೆ ತೆಗೆಸಬೇಕು ಎಂದು ದಸರೆಯ ಬೆನ್ನಿಗೇ ಆಪರೇಶನ್ ಗೊತ್ತು ಮಾಡಿದ್ದರು. ಲಲಿತಾಬಾಯಿಗೆ ಇದಿಷ್ಟು ಗೊತ್ತಿತ್ತು. ಮೈಗೆ ಸೌಖ್ಯವಿಲ್ಲದ ಹೆಂಗಸು, ಮಾತು ಬೇಡವಾಗಿರಬೇಕು ಎಂದುಕೊಂಡಳು. ಆದರೂ ಮನಸ್ಸಿಗೆ ಕಸಿವಿಸಿಯಾಯಿತು.

ಕಾರಣ ಗೊತ್ತಾದದ್ದು ಕೋಗಿಲಬನದಲ್ಲಿ.

ಕೋಗಿಲಬನದ ಹೊಳೆದಂಡೆಯ ರೆಸಾರ್ಟೊಂದರ ಅಡುಗೆಮನೆಯಲ್ಲಿ ಲಲಿತಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ದೇಶವೆಲ್ಲ ರಜೆ ಹಾಕಿ ದಾಂಡೇಲಿಗೆ ಬರುತ್ತದೆ, ದಾಂಡೇಲಿಯವರು ಮಾತ್ರ ರಜೆ ಹಾಕುವುದಿಲ್ಲ ಎಂದು ಅವಳು ಒಲೆಯ ಮುಂದೆ ಗೊಣಗುತ್ತಿದ್ದಳು. ಪುಣೆಯಿಂದ, ಬೆಳಗಾವಿಯಿಂದ ಬರುವವರ ಮುಖಗಳನ್ನು ಅವಳು ನೋಡಿದ್ದಳು. ಬಂದ ದಿನ ಹೆಂಡತಿಯ ಮಾತಿಗೆ ಹೂಂ ಎನ್ನಲೂ ಆಗದಷ್ಟು ದಣಿದವರು, ಎರಡು ದಿನ ಹೊಳೆಯಲ್ಲಿ ಕಾಲು ಬಿಟ್ಟು ಕುಳಿತರೆ ಮಕ್ಕಳನ್ನು ಹೆಗಲಿಗೇರಿಸಿಕೊಂಡು ಕುಣಿಯುತ್ತಿದ್ದರು. ಮನುಷ್ಯನಿಗೆ ರಜೆ ಏನು ಮಾಡುತ್ತದೆಂದು ಅವಳಿಗೆ ಯಾರೂ ಉಪದೇಶ ಮಾಡಬೇಕಿರಲಿಲ್ಲ. ಅವಳಿಗಿದ್ದ ರಜೆ ಬೆರಳೆಣಿಕೆಯದು. ಅದರಲ್ಲಿ ಒಂದನ್ನೂ ಅವಳು ಬಿಡುತ್ತಿರಲಿಲ್ಲ.

ಆವತ್ತು ಮಳೆ ಬಿಡುವು ಕೊಟ್ಟಿತ್ತು. ದಂಡೆಯ ಮೇಲೆ ಕುಳಿತವರಿಗೆ ಬಿಸಿ ರೊಟ್ಟಿ ಬೇಕಂತೆ ಎಂದು ಹೇಳಿಕಳಿಸಿದರು. ತಾಟು ಹಿಡಿದು ಹೋದ ಲಲಿತಾಬಾಯಿಗೆ ಕಂಡದ್ದು ಅರ್ಧ ಚಡ್ಡಿ ಹಾಕಿಕೊಂಡು, ಕಾಲು ನೀರಿಗಿಳಿಬಿಟ್ಟ ಕಾರ್ಖಾನೆಯ ಮ್ಯಾನೇಜರ್ ಸಾಹೇಬ! ವರ್ಷಕ್ಕೊಮ್ಮೆ ದೂರದಿಂದ ನೋಡಿದ ಆ ಮುಖವನ್ನು ಅವಳು ಗುರುತು ಹಿಡಿದಳು. ರೊಟ್ಟಿ ತಂದವಳ ಮುಖವನ್ನು ಅವನೇಕೆ ನೋಡುತ್ತಾನೆ?

ಪಕ್ಕದಲ್ಲಿದ್ದ ಗೆಳೆಯ ಕೇಳುತ್ತಿದ್ದ. "ಅಲ್ಲೋ, ಇಷ್ಟ ದಿನ ರಜಾ ಹೆಂಗ ಸಿಕ್ತು ನಿನಗ?"

"ನನ್ನ ಹಕ್ಕಿಂದು, ಯಾಕ ಸಿಗಂಗಿಲ್ಲ? ವರ್ಷದ ರಜಾ ಒಂದೂ ಬಿಡಂಗಿಲ್ಲ ನಾ. ತಲಿಗೆ ವಿಶ್ರಾಂತಿ ಬೇಕಲ್ಲ?"

"ಮತ್ತ ನಿಮ್ಮ ಮಂದಿ?"

"ಅವರು ಕೇಳೂದ ಇಲ್ಲ" ಎಂದು ಸಾಹೇಬ ನಕ್ಕ. "ನಮ್ಮಲ್ಲಿ ಜೈರಾಮ ಅಂತ ಒಬ್ಬ ಇದಾನ. ಅಪ್ಪ ಸತ್ತ ದಿನಾನೂ ಡ್ಯೂಟಿಗೆ ಬಂದ ಮನಶ್ಯಾ. ಯಾರರ ರಜಾ ಅಂತ ಬಂದ್ರ ಅವನ ಹೆಸರ ಹೇಳಿಬಿಡೂದು. ನಾಚಿಕೊಂಡ ಹೊಳ್ಳಿ ಹೋಗ್ತಾರ. ಮೊನ್ನೆ ಸುಭಾನಿ ಅನ್ನಾವ ಬಂದಿದ್ದ, ಹೆಂಡ್ತಿ ಆಪರೇಶನ್ ಅಂತ. ಜೈರಾಮ ಅಪ್ಪನ ಮಣ್ಣ ಮುಗಿಸಿ ಬಂದಾನ, ನಿನ್ನ ಹೆಂಡ್ತಿ ಇನ್ನೂ ಜೀವಂತ ಅದಾಳಲ್ಲೋ ಅಂದೆ. ಬಾಯಿ ಮುಚ್ಚಿಕೊಂಡ ಹ್ವಾದ. ವರ್ಷಕ್ಕೊಂದ ಶಾಲು ಹೊಚ್ಚಿದ್ರ ಕೆಲಸ ಮುಗೀತು ನೋಡು."

ಲಲಿತಾಬಾಯಿಗೆ ಬಿಸಿ ರೊಟ್ಟಿಗಳನ್ನು ಅವನ ಮುಖಕ್ಕೆ ಎರಚಿಬಿಡಬೇಕೆನಿಸಿತು. ಎರಚಲಿಲ್ಲ, ಅವಳಿಗೂ ನೌಕರಿ ಬೇಕಿತ್ತು. ತಾಟನ್ನು ಕಲ್ಲಿನ ಮೇಲೆ ಕುಕ್ಕಿ ಹಿಂದಿರುಗಿದಳು.

ಸಂಜೆ ಮನೆಗೆ ಹೋಗುವ ಮೊದಲು ಅವಳು ನೇರವಾಗಿ ಖೈರುನ್ನಿಸಾಳ ಮನೆಗೆ ನುಗ್ಗಿದಳು. ಖೈರುನ್ನಿಸಾ ಹೊಟ್ಟೆ ಹಿಡಿದುಕೊಂಡು ಮಲಗಿದ್ದವಳು ಎದ್ದು ಕುಳಿತಳು.

"ನನಗ ಯಾಕ ಹೇಳಲಿಲ್ಲ ನೀ?" ಎಂದಳು ಲಲಿತಾಬಾಯಿ.

"ಏನಂತ ಹೇಳಲಿ ಅಕ್ಕಾ? ನಿಮ್ಮ ಗಂಡ ಛಲೋ ಮನಶ್ಯಾ ಇರೂದಕ್ಕ ನನ್ನ ಗಂಡಗ ರಜಾ ಸಿಗವಲ್ತು ಅಂತ ಹೇಳಲೇನು?" ಖೈರುನ್ನಿಸಾ ಗೋಡೆಗೆ ಒರಗಿದಳು. "ಮಗಳು ಖುಷ್ಬೂ ಮುಂಬೈದಾಗ ತುಂಬಿದ ಬಸುರಿ. ಆಕಿ ಬರಂಗಿಲ್ಲ. ಒಬ್ಬಾಕೀನ ಹೋಗಿ ಮಲಗಬೇಕು ಅಲ್ಲಿ. ಯಾ ಅಲ್ಲಾ, ಕಣ್ಣ ತೆರದಾಗ ಯಾರ ಮುಖಾ ನೋಡಲಿ ನಾ?"

ಲಲಿತಾಬಾಯಿ ಇಷ್ಟು ವರ್ಷ ಗಂಡನ ಹಟ ತನ್ನೊಬ್ಬಳಿಗೇ ಬಡಿದ ಪೆಟ್ಟು ಎಂದುಕೊಂಡಿದ್ದಳು. ಅದು ಗೋಡೆ ದಾಟಿ ಪಕ್ಕದ ಮನೆಗೂ ಬಡಿದಿತ್ತು. ಇನ್ನು ಎಷ್ಟು ಮನೆಗಳಿಗೆ ಬಡಿದಿತ್ತೋ.

ಅಂದು ಪಾಳಿ ಮುಗಿಸಿ ಬಂದ ಜೈರಾಮನಿಗೆ ಚಹಾ ಸಿಗಲಿಲ್ಲ. ಹೊಳೆದಂಡೆಯಲ್ಲಿ ಕೇಳಿದ್ದೆಲ್ಲವನ್ನೂ ಲಲಿತಾಬಾಯಿ ಒಂದೇ ಉಸಿರಿಗೆ ಹೇಳಿದಳು.

"ಸಾಹೇಬ್ರು ಹಂಗ ಅನ್ನಂಗಿಲ್ಲ" ಎಂದ ಜೈರಾಮ. "ಚ್ಯಾಷ್ಟಿ ಮಾಡಿರಬೇಕು."

"ಚ್ಯಾಷ್ಟಿ? ಸತ್ತ ಮಾವನ ಹೆಸರ ತಗದು ಚ್ಯಾಷ್ಟಿ ಮಾಡ್ತಾರೇನ್ರಿ? ಸಾಹೇಬ ಚಡ್ಡಿ ಹಾಕ್ಕೊಂಡ ಹೊಳ್ಯಾಗ ಕಾಲ ಬಿಟ್ಟು ಕುಂತಾನ, ನೀವು ಅಪ್ಪನ್ನ ಮಣ್ಣ ಮಾಡಿ ಅವನ ಮಶೀನ್ ಕಾದ್ರಿ. ಕಾದಿದ್ದಕ್ಕ ನಿಮ್ಮನ್ನ ಬಡಿಗಿ ಮಾಡ್ಕೊಂಡ ಬ್ಯಾರೇದವರನ್ನ ಹೊಡ್ಯಾಕತ್ತಾನ. ಶಾಲು ಹೊಚ್ಚಿದ ಬಡಿಗಿ ನೀವು!"

ಜೈರಾಮನ ಮುಖ ಕಪ್ಪಿಟ್ಟಿತು. "ನಾ ಯಾರಿಗೂ ರಜಾ ತೊಗೋಬ್ಯಾಡ್ರಿ ಅಂದಿಲ್ಲ. ನಾ ನನ್ನ ಕೆಲಸ ಮಾಡೇನಿ."

"ನಿಮ್ಮ ರಜಾ ನಿಮ್ಮೊಬ್ಬರದಲ್ರಿ. ನೀವು ತೊಗೊಂಡಿದ್ರ ಸುಭಾನಿ ಅಣ್ಣನೂ ತಲಿ ಎತ್ತಿ ಕೇಳತಿದ್ದ. ನೀವು ಬಿಟ್ರಿ, ಎಲ್ಲಾರ್ದೂ ಬಿಡಿಸಿದ್ರಿ. ಈ ಸಲ ತೊಗೋರಿ. ಖೈರುನ್ನಿಸಾ ಸಲುವಾಗಿ ತೊಗೋರಿ."

"ಇಬ್ಬರೂ ಫಿಟ್ಟರು ಒಮ್ಮೆಲೆ ಹ್ವಾದ್ರ ಮಶೀನ್ ನಿಂದರತೈತಿ."

"ನಿಂದರಲಿ!" ಎಂದು ಲಲಿತಾಬಾಯಿ ಕೂಗಿದ್ದು ಗೋಡೆಯಾಚೆಗೂ ಕೇಳಿಸಿತು. "ಒಮ್ಮೆರ ನಿಂದರಲಿ. ಮಶೀನ್ ನಿಂತ್ರ ಯಾರೂ ಸಾಯಂಗಿಲ್ಲ!"

ಅಂದಿನಿಂದ ಖಂಡೇನವಮಿಯವರೆಗೆ ಆ ಮನೆಯಲ್ಲಿ ಬೇಕಿದ್ದಷ್ಟೇ ಮಾತು. ಜೈರಾಮ ಎಂದಿನಂತೆ ಖಾಕಿ ಅಂಗಿ ತೊಟ್ಟು ಕೆಲಸಕ್ಕೆ ಹೋದ. ಸುಭಾನಿ ಅವನ ಪಕ್ಕದಲ್ಲೇ ದುಡಿದ, ತಲೆ ಎತ್ತಲಿಲ್ಲ. ಕೌದಿ ಮೂಲೆಯಲ್ಲಿ ಮಡಚಿಟ್ಟಲ್ಲೇ ಇತ್ತು.

ಹಬ್ಬದ ದಿನ ಕಾರ್ಖಾನೆಯ ತುಂಬ ಊದುಬತ್ತಿಯ ಹೊಗೆ. ಮಕ್ಕಳು ಮಂಡಕ್ಕಿ ಪೊಟ್ಟಣ ಹಿಡಿದು ಮಶೀನುಗಳ ನಡುವೆ ಓಡಾಡುತ್ತಿದ್ದವು. ಖೈರುನ್ನಿಸಾ ನಿಲ್ಲಲಾರದೆ ಕಂಬಕ್ಕೊರಗಿ ನೆಲದ ಮೇಲೆ ಕುಳಿತಿದ್ದಳು. ಸಾಹೇಬನ ಕಣ್ಣಿಗಾದರೂ ಬೀಳಲಿ ಎಂದು ಸುಭಾನಿಯೇ ಕರೆತಂದಿದ್ದ. ಲಲಿತಾಬಾಯಿ ಹೋಗಿ ಅವಳ ಪಕ್ಕದಲ್ಲಿ ಕುಳಿತಳು. ಗಂಡ ಮಾಲೆ ಹಾಕಿದ್ದನ್ನು ನೋಡಿದಳು, ಕುಂಬಳಕಾಯಿ ಎತ್ತಿಕೊಂಡದ್ದನ್ನೂ ನೋಡಿದಳು. ಇಷ್ಟೇ ಇವನ ಹಣೆಬರಹ ಎಂದು ಮುಖ ತಿರುಗಿಸಿದಳು.

ಮ್ಯಾನೇಜರ್ ಸಾಹೇಬ ಮೈಕು ಹಿಡಿದ. "ನಮ್ಮ ಜೈರಾಮನ್ನ ನೋಡಿ ಕಲೀರಿ. ಅಪ್ಪ ಸತ್ತ ದಿನಾನೂ ಕರ್ತವ್ಯ ಬಿಡಲಿಲ್ಲ. ಇನ್ನ ಕೆಲವರು ಇದಾರ. ಹೆಂಡ್ತಿಗೆ ಹೊಟ್ಟಿನೋವು ಬಂದ್ರ ಸಾಕು, ರಜಾ ಬೇಕಂತ ಬಂದ ನಿಂದರ್ತಾರ."

ಒಬ್ಬಿಬ್ಬರು ನಕ್ಕರು. ಖೈರುನ್ನಿಸಾ ಸೆರಗನ್ನು ಮುಖದ ಮೇಲೆಳೆದುಕೊಂಡಳು. ಜೈರಾಮ ಕುಂಬಳಕಾಯಿ ಹಿಡಿದೇ ಆ ಕಡೆ ತಿರುಗಿ ನೋಡಿದ. ಕಂಬದ ಬುಡದಲ್ಲಿ ಮುದುಡಿದ ಹೆಂಗಸನ್ನೂ ಅವಳ ಹೆಗಲ ಮೇಲೆ ಕೈಯಿಟ್ಟು ತನ್ನನ್ನೇ ದುರುಗುಟ್ಟಿ ನೋಡುತ್ತಿದ್ದ ಹೆಂಡತಿಯನ್ನೂ ನೋಡಿದ. ಸಾಹೇಬ ಶಾಲು ಬಿಡಿಸಿ ಹತ್ತಿರ ಬಂದ. ಜೈರಾಮ ಕುಂಬಳಕಾಯಿಯನ್ನು ಒಡೆಯದೆ ನೆಲಕ್ಕಿಟ್ಟ.

"ಶಾಲು ಬ್ಯಾಡ್ರಿ ಸಾಹೇಬ್ರ" ಎಂದ. "ರಜಾ ಕೊಡ್ರಿ."

ಸಾಹೇಬನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಏ, ಏನೋ ಇದು? ಹಬ್ಬದ ದಿನ..."

"ನಾಳಿಯಿಂದ ನನಗ ರಜಾ ಬೇಕ್ರಿ. ಸುಭಾನಿಗೂ ಬೇಕು. ಅವನ ಹೆಂಡ್ತಿ ಹೊಟ್ಯಾಗ ಗಡ್ಡಿ ಐತಿ, ಹೊಟ್ಟಿನೋವಲ್ಲ."

"ಇಬ್ಬರೂ ಹ್ವಾದ್ರ ಮಶೀನ್ ಯಾರ ನೋಡ್ಕೋಬೇಕೋ?"

"ನಮ್ಮ ಹೆಲ್ಪರ್ ಲೋಕೇಶ ಅದಾನ. ನಾನ ಕಲಿಸೇನಿ ಅವಗ." ಜೈರಾಮ ಶಾಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಅವನು ಎಂದೂ ಸಾಹೇಬರಿಗೆ ಎದುರಾಡಿದವನಲ್ಲ. "ಹ್ವಾದ ತಿಂಗಳ ನೀವು ಕೋಗಿಲಬನದಾಗ ಹೊಳಿ ದಂಡಿಗೆ ಕುಂತಿದ್ರಂತಲ್ರಿ. ಆವಾಗ ಕಾರ್ಖಾನಿ ಯಾರ ನೋಡ್ಕೊಂಡ್ರಿ?"

"ನಾವ ನೋಡ್ಕೊಂಡ್ವಿ!" ಎಂದು ಹಿಂದಿನಿಂದ ಬಾಯ್ಲರಿನ ಅಂದಾನೆಪ್ಪ ಕೂಗಿದ. ಈ ಸಲದ ನಗೆ ಬೇರೆಯದಾಗಿತ್ತು.

ಸಾಹೇಬನ ಕಣ್ಣು ಹೆಂಗಸರ ಕಡೆ ಹೊರಳಿ ಲಲಿತಾಬಾಯಿಯ ಮೇಲೆ ನಿಂತಿತು. ರೊಟ್ಟಿ ತಂದವಳ ಮುಖ ಈಗ ನೆನಪಿಗೆ ಬಂದಿರಬೇಕು. ಅವಳು ಕಣ್ಣು ತಗ್ಗಿಸಲಿಲ್ಲ. ಅಷ್ಟು ಜನರ ಮುಂದೆ ಇಲ್ಲವೆನ್ನಲು ಅವನಿಗೆ ದಾರಿಯಿರಲಿಲ್ಲ. "ಆತು, ತೊಗೋರಿ" ಎಂದು ಶಾಲನ್ನು ಕುರ್ಚಿಯ ಮೇಲೆ ಎಸೆದು ಹೊರಟುಹೋದ. ಕುಂಬಳಕಾಯಿಯನ್ನು ಅಂದಾನೆಪ್ಪ ಒಡೆದ. ಹಾಗೇ ನಿಂತಲ್ಲೇ ದೀಪಾವಳಿಗೆ ತನಗೂ ರಜೆ ಬೇಕೆಂದು ಹೇಳಿಯೂಬಿಟ್ಟ.

ಮನೆಗೆ ಬಂದವಳೇ ಲಲಿತಾಬಾಯಿ ಕತ್ತರಿ ಹುಡುಕಿದಳು. ಕೌದಿಯ ನಾಲ್ಕನೇ ಮೂಲೆಗೆ ಶಾಲು ಬರಲಿಲ್ಲವಲ್ಲ. ಹಗ್ಗದ ಮೇಲೆ ಗಂಡನ ಖಾಕಿ ಅಂಗಿ ಒಣಗಿತ್ತು. ಅದರ ತೋಳನ್ನು ಪರ್‍ರೆಂದು ಕತ್ತರಿಸಿ, ಮಡಚಿ, ಹೂವು ಮಾಡಿ ಹೊಲಿದಳು. ಮರುದಿನ ಸುಭಾನಿ ಖೈರುನ್ನಿಸಾಳನ್ನು ಹುಬ್ಬಳ್ಳಿಯ ಬಸ್ಸಿಗೆ ಹತ್ತಿಸುವಾಗ ಆ ಕೌದಿಯನ್ನು ಅವಳ ಮಡಿಲಿಗಿಟ್ಟಳು. "ದವಾಖಾನಿ ಥಂಡಿ ಇರತೈತಿ, ಹೊಚ್ಕೊ" ಎಂದಳು. ಖೈರುನ್ನಿಸಾ ಜರಿಯ ಅಂಚುಗಳನ್ನು ನೋಡಿ ಗುರುತು ಹಿಡಿದು, ಎಷ್ಟೋ ದಿನಗಳ ಮೇಲೆ ಮೊದಲ ಸಲ ನಕ್ಕಳು.

ಆಪರೇಶನ್ ಸುಸೂತ್ರವಾಯಿತು. ಕಣ್ಣು ತೆರೆದಾಗ ಎದುರಿಗೆ ಇದ್ದೆ ಎಂದು ಸುಭಾನಿ ಫೋನು ಮಾಡಿ ಹೇಳಿ ಅತ್ತ. ಇನ್ನೂ ಕೆಲವು ದಿನ ಅವಳನ್ನು ಎಬ್ಬಿಸಿ ಕೂಡಿಸಲಿಕ್ಕೂ ಆಸರೆ ಬೇಕು ಎಂದಿದ್ದರಂತೆ ಡಾಕ್ಟರು.

ಮರುದಿನ ಬೆಳಿಗ್ಗೆ ಲಲಿತಾಬಾಯಿ ಹಸಿರು ಸೀರೆ ಉಟ್ಟು, ಚೀಲ ಕಟ್ಟಿ, ಗಂಡನೊಡನೆ ತವರೂರು ಮಳಗಿಗೆ ಹೊರಟು ನಿಂತಳು. ಯಲ್ಲಾಪುರದ ಮೇಲೆ ಹೋಗುವ ಬಸ್ಸಿಗೆ ಹೊತ್ತಾಗಿತ್ತು. ಆಗಲೇ ಕಾರ್ಖಾನೆಯ ಸಿಪಾಯಿ ಪರಸಪ್ಪ ಸೈಕಲ್ ತುಳಿದುಕೊಂಡು ಬಂದ.

"ಜೈರಾಮಣ್ಣಾ, ಮಶೀನ್ ನಿಂತೈತಿ. ಸಾಹೇಬ್ರು ಈಗಿಂದೀಗ ಬಾ ಅಂದಾರ."

ಜೈರಾಮನ ಮುಖ ಅರಳಿತು. ಹೌದು, ಅರಳಿತು. ಲಲಿತಾಬಾಯಿ ಕಣ್ಣಾರೆ ನೋಡಿದಳು. "ನಾ ಹೇಳಿದ್ದಿಲ್ಲ?" ಎನ್ನುತ್ತ ಅವನು ಚೀಲ ಕೆಳಗಿಟ್ಟು ಒಳಗೆ ಓಡಿದ. ಒಳಗಿನಿಂದ ಕೇಳಿದ. "ನನ್ನ ಖಾಕಿ ಅಂಗಿ ಎಲ್ಲೈತಿ?"

"ಒಂದರ ತೋಳು ಹುಬ್ಬಳ್ಳ್ಯಾಗ ಐತಿ, ಖೈರುನ್ನಿಸಾನ ಮೈ ಮ್ಯಾಲೆ. ಇನ್ನೊಂದು ಬಕೀಟಿನ್ಯಾಗ ನೆನಿಯಾಕತ್ತೈತಿ" ಎಂದಳು ಲಲಿತಾಬಾಯಿ. "ನೀವು ಇವತ್ತ ಹ್ವಾದ್ರ ಸಾಹೇಬನ ಮುಂದಿನ ಫೋನ್ ಯಾರಿಗೆ ಗೊತ್ತೈತೇನ್ರಿ? ಜೈರಾಮ ರಜಾ ಬಿಟ್ಟ ಬಂದಾನ, ನಿಂಗೇನ ಧಾಡಿ ಅಂತ ಸುಭಾನಿ ಅಣ್ಣಗ ಅಂತಾನ. ಆಕೀನ್ನ ಯಾರ ಎಬ್ಬಿಸಿ ಕೂಡಸ್ಬೇಕು?"

ಜೈರಾಮ ಬನಿಯನ್ನಿನಲ್ಲೇ ಹೊರಗೆ ಬಂದು ನಿಂತ. "ಆದ್ರ ಮಶೀನ್..."

ಲಲಿತಾಬಾಯಿ ಅಂಗಳದಿಂದ ಕಾಣುತ್ತಿದ್ದ ಕಾರ್ಖಾನೆಯ ಚಿಮಣಿಯ ಕಡೆ ಕೈ ತೋರಿಸಿದಳು. ಹೊಗೆ ದಟ್ಟವಾಗಿ, ದಿನದಂತೆಯೇ ಏಳುತ್ತಿತ್ತು. ಮಶೀನ್ ನಿಂತರೆ ಬಾಯ್ಲರಿಗೆ ಹಾಗೆ ಉರಿ ಹಾಕುವುದಿಲ್ಲವೆಂದು ಆ ಓಣಿಯ ಮಕ್ಕಳಿಗೂ ಗೊತ್ತು.

ಜೈರಾಮ ಪರಸಪ್ಪನ ಮುಖ ನೋಡಿದ. ಪರಸಪ್ಪ ಸೈಕಲ್ಲಿನ ಗಂಟೆಯನ್ನು ಸುಮ್ಮನೆ ತಿರುವುತ್ತ ನಿಂತ.

"ಖರೇ ಹೇಳೋ ಪರಸ್ಯಾ."

"ನಿಂತಿಲ್ಲೋ ಮಾರಾಯಾ. ಒಂದ ದಿನಾನೂ ನಿಂತಿಲ್ಲ. ಲೋಕೇಶ ನಡಸಾಕತ್ತಾನ. ನಿಂತೈತಿ ಅಂತ ಹೇಳಿ ಕರಕೊಂಡ ಬಾ, ಓಡಿ ಬರ್ತಾನ ಅಂದ್ರು ಸಾಹೇಬ್ರು. ನಾ ಏನ ಮಾಡಲಿ?"

ಜೈರಾಮ ಕಟ್ಟೆಯ ಮೇಲೆ ಕುಳಿತ. ಹೊಗೆಯ ಕಡೆ ನೋಡಿದ.

"ಹಂಗಾರ ಅಪ್ಪ ಸತ್ತ ದಿನಾನೂ ನಡೀತಿತ್ತು" ಎಂದ. "ಅವ್ವನ ಹತ್ತರ ಕುಂತಿದ್ರೂ ನಡೀತಿತ್ತು."

ಇಷ್ಟು ವರ್ಷ ಲಲಿತಾಬಾಯಿಯೇ ಹೇಳಬೇಕೆಂದುಕೊಂಡಿದ್ದ ಮಾತು ಅದು. ಅವನ ಬಾಯಿಂದ ಕೇಳಿದಾಗ ಅವಳ ಸಿಟ್ಟೆಲ್ಲ ಗಂಡನನ್ನು ಬಿಟ್ಟು ಹೊಗೆ ಏಳುತ್ತಿದ್ದ ಕಾರ್ಖಾನೆಯ ಕಡೆಗೆ ತಿರುಗಿತು.

ಜೈರಾಮ ಎದ್ದು ಬಿಳಿ ಅಂಗಿ ತೊಟ್ಟುಕೊಂಡ. ಗುಂಡಿ ಹಾಕಿಕೊಳ್ಳುತ್ತ ಪರಸಪ್ಪನ ಕಡೆ ತಿರುಗಿದ. "ಜೈರಾಮ ರಜಾ ಮ್ಯಾಲೆ ಅದಾನ ಅಂತ ಹೇಳು. ಸುಭಾನಿಗೆ ಫೋನ್ ಮಾಡಿದ್ರ ನಾ ಬಂದ ಮ್ಯಾಲೆ ಎಲ್ಲಾರ ಮುಂದ ಕೇಳ್ತೇನಿ ಅಂತ ಅದನ್ನೂ ಹೇಳು" ಎಂದ. ಪರಸಪ್ಪ ತಲೆಯಾಡಿಸಿ ಸೈಕಲ್ ತಿರುಗಿಸಿದ. ಹೊರಡುವ ಮುಂಚೆ ಒಂದು ಕ್ಷಣ ನಿಂತು, ಸಿಪಾಯಿಗಳಿಗೂ ರಜೆ ಇರುತ್ತದೇನು ಎಂದು ಕೇಳಿದ.

"ಇರತೈತಿ, ತೊಗೊ" ಎಂದಳು ಲಲಿತಾಬಾಯಿ. ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದರು.